ಸೂಪರ್‌ವೈಜರ್‌ನ ತೆಗೀಲಾ ಅಂತ ಕೇಳೀರಿ, ತೆಗೀಬ್ಯಾಡ್ರಿ

ಸೂಪರ್‌ವೈಜರ್ ಬರೇ ನಿಮ್ಮ ಮಾತು ಕೆಳಗ ದಾಟಸ್ತಾನ, ಸ್ವಂತ ಏನೂ ಮಾಡಂಗಿಲ್ಲ, ಅವನ ಪಗಾರ ದಂಡ, ತೆಗೆದು ಹಾಕ್ಲಾ ಇಲ್ಲಾ ಬೋನಸ್ ಕೊಟ್ಟು ನೋಡ್ಲಾ ಅಂತ ಕೇಳೀರಿ. ನಾನೂ ಹುಬೇಹೂಬ್ ಇದೇ ಮಾತು ಆಡಿದ್ದೆ.

ಕಲಬುರಗಿ ಕಪನೂರದಾಗ ನಮ್ದೊಂದು ಸಣ್ಣ ದಾಲ್ ಮಿಲ್ ಅದ, ಅಪ್ಪಾಜಿ ಕಾಲದ್ದು. ನಮ್ಮ ತೊಗರಿಬ್ಯಾಳಿಗ 2019ರಾಗ ಜಿಐ ಟ್ಯಾಗ್, ಅಂದ್ರ ಇದು ಈ ಊರಿಂದೇ ಖಾಸ ಮಾಲು ಅನ್ನೂ ಸರ್ಕಾರಿ ಗುರ್ತು, ಬಂತು, ಮಂದಿ ಎಲ್ಲಾ ಮಣ್ಣಿನ ಗುಣ ಅಂತಾರ, ಖರೇನೇ, ಆದ್ರ ಮಿಲ್ಲಿನಾಗ ಬ್ಯಾಳಿ ಚೊಕ್ಕ ಸೀಳಬೇಕಂದ್ರ ಎಣ್ಣಿ ಹಚ್ಚಿದ ಕಾಳು ಸರಿಯಾಗಿ ಒಣಗಬೇಕು, ಇಲ್ಲಾಂದ್ರ ನುಚ್ಚೇ ಜಾಸ್ತಿ. ಯಾವಾಗ ಒಣಗ್ತು ಅಂತ ಹೇಳಾಂವ ನಮ್ಮ ಸೂಪರ್‌ವೈಜರ್. ಒಣಹಾಕಿದ್ರಾಗಿಂದ ನಾಕು ಕಾಳು ಬಾಯಾಗ ಹಾಕ್ಕೊಂಡು ಕಡೀತಿದ್ದ, ಟಕ್ ಅಂದ್ರ ಮಷಿನ್‌ಗ ಏರಸ್ರಿ ಅಂತಿದ್ದ, ಹಲ್ಲಿಗೆ ಮೆತ್ತಗ ಹತ್ತಿದ್ರ ಇನ್ನೊಂದ್ ಬಿಸಲು ಬೇಕು ಅಂತಿದ್ದ.

ಒಂದ್ ಸಲ ಬ್ಯಾಳಿ ತಗೊಳ್ಳೂ ಪಾರ್ಟಿ ಅರ್ಜೆಂಟ್ ಮಾಡ್ಲಿಕತ್ತಿತ್ತು, ಇವ ಇನ್ನೊಂದ್ ಬಿಸಲು ಅಂದ, ದಲಾಲ ನನಗ ಫೋನ್ ಹಚ್ಚಿದ, ನಾ ಆಪರೇಟರ್‌ಗ ಫೋನ್ ಮಾಡಿ ಸ್ಪೀಕರ್ ಮ್ಯಾಲ ಹಾಕ್ಸಿ ಹಮಾಲರು, ಹೆಣ್ಮಕ್ಕಳು, ಎಲ್ಲಾರ ಮುಂದ "ಅವನ ಮಾತು ಬಿಡ್ರಿ, ನಾ ಹೇಳೀನಿ, ಏರಸ್ರಿ" ಅಂದೆ. ಇಲ್ಲೇ ಸ್ವಲ್ಪ ನಿಲ್ರಿ, ಯಾಕಂದ್ರ ಭಾಳ ಮಂದಿಗ ಇದು ತಪ್ಪು ಅಂತನೇ ಅನ್ಸಂಗಿಲ್ಲ. ಆ ಲಾಟ್ ಕೆಡಲಿಲ್ರಿ, ನುಚ್ಚು ಸ್ವಲ್ಪ ಜಾಸ್ತಿ ಆತು ಅಷ್ಟೇ, ಪಾರ್ಟಿ ಖುಷಿ, ನಾ ಸರಿ ಅದೀನಿ ಅಂತ ನನಗೂ ಖುಷಿ. ಆದ್ರ ಮರುದಿನದಿಂದ ಹಮಾಲರು ಅವ ಏನ್ ಹೇಳಿದ್ರೂ "ಸಾವ್ಕಾರಿಗಿ ಕೇಳ್ತೀವಿ" ಅನ್ನಾಕ ಚಾಲೂ ಮಾಡಿದ್ರು. ಅವ ಜಗಳಾಡಲಿಲ್ಲ, ಸಿಟ್ಟಿಗೇಳಲಿಲ್ಲ, ಸುಮ್ನ ಎಲ್ಲಾನೂ ನನಗ ಕೇಳಾಕ ಹತ್ತಿದ. ಬೆಲ್ಟ್ ಬದ್ಲಿ ಮಾಡ್ಲೇನ್ರಿ, ಚಹಾಕ ರೊಕ್ಕ ಕೊಡ್ಲೇನ್ರಿ. ನಾ ಮನ್ಯಾಗ ಹೇಳಿದೆ, ನೋಡು, ಇವನಿಗೇನೂ ತಿಳೆಂಗಿಲ್ಲ, ಪಗಾರ ದಂಡ ಅಂತ.

ಆಮ್ಯಾಲ ಒಂದ್ ಬ್ಯಾಸಗಿ ಸಂಜಿ ನಾ ಹುಮನಾಬಾದಕ್ಕ ಮದುವಿಗೆ ಹೋಗಿದ್ದೆ, ಇಲ್ಲಿ ಮಾಡ ಕವಿತು. ತೊಗರಿ ಎಲ್ಲಾ ಅಂಗಳದಾಗ ಬಿದ್ದಿತ್ತು. ಹಮಾಲರು ಮನಿಗೆ ಹೋಗ್ಯಾರ, ಕರಸ್ಬೇಕಂದ್ರ ಡಬಲ್ ಹಾಜರಿ ಕೊಡ್ಬೇಕು, ಮೊದ್ಲಾಗಿದ್ರ ಅವ ಕೇಳದೇನೇ ಕರಸ್ತಿದ್ದ. ಅವತ್ತು ನನಗ ಫೋನ್ ಮ್ಯಾಲ ಫೋನ್ ಮಾಡ್ಯಾನ, ಬ್ಯಾಂಡಿನ ಗದ್ದಲದಾಗ ನನಗ ಕೇಳಿಲ್ಲ. ವಾಪಸ್ ಬಂದಾಗ ಅವನೂ ವಾಚ್‌ಮನ್ನೂ ಇಬ್ರೇ ತಾಡಪತ್ರಿ ಎಳದಾಡ್ಲಿಕತ್ತಿದ್ರು, ಅರ್ಧಕ್ಕರ್ಧ ಮಾಲು ತೊಯ್ದಿತ್ತು. ನಾ ಬೈದೆ. ಅವ "ಕೇಳದೇ ಖರ್ಚು ಹ್ಯಾಂಗ ಮಾಡ್ಲಿ ಅಣ್ಣಾ" ಅಂದ, ಅಷ್ಟೇ. ಸೀಜನ್ ಮುಗಿಯೂದ್ರಾಗ ಬ್ಯಾರೆ ಮಿಲ್ಲಿಗೆ ಹೋದ, ಚಲೋ ಆಪರೇಟರ್ ಇಬ್ರೂ ಅವನ ಹಿಂದೇ ಹೋದ್ರು.

ಹಂಗಾಗಿ ನಿಮ್ಮ ಪ್ರಶ್ನಿನೇ ನಾ ಒಪ್ಪಂಗಿಲ್ರಿ. ಅವ ಪೋಸ್ಟ್‌ಮನ್ ಆಗ್ಯಾನ ಅಂದ್ರ ಮೊದ್ಲು ನಿಮ್ಮ ಫೋನ್ ತಗದು ನೋಡ್ರಿ, ಅವನ ಕೈಕೆಳಗಿನ ಮಂದಿ ಎಷ್ಟ್ ಸಲ ಸೀದಾ ನಿಮಗ ಹಚ್ಯಾರ, ನೀವು ಎಷ್ಟ್ ಸಲ ಅಲ್ಲೇ ತೀರ್ಮಾನ ಕೊಟ್ಟೀರಿ. ತೆಗೆದು ನಾನೇ ನಡಸ್ತೀನಿ ಅಂತೀರಲ್ಲ, 2002ರಾಗ ಗೂಗಲ್ ಕಂಪನಿನೇ ಇಂಜಿನಿಯರಿಂಗ್ ಮ್ಯಾನೇಜರ್‌ಗಳು ಬ್ಯಾಡ ಅಂತ ತೆಗೆದು ನೋಡಿತ್ತು, ಖರ್ಚಿನ ಬಿಲ್ಲು, ಹುಡುಗ್ರ ತಕರಾರು ಎಲ್ಲಾ ಸೀದಾ ಕಂಪನಿ ಕಟ್ಟಿದ ಲ್ಯಾರಿ ಪೇಜ್ ತನಕ ಹೋಗಿ ಕೆಲವೇ ತಿಂಗಳದಾಗ ಆ ಪ್ರಯೋಗ ಬಿಟ್ರು. ನೀವೂ ನಾವೂ ಎಷ್ಟರವ್ರು.

ಬೋನಸ್ ಕೊಡ್ರಿ, ಬ್ಯಾಡ ಅನ್ನಂಗಿಲ್ಲ, ಮ್ಯಾಲಿಂದ ನಿಮ್ಮ ಬೈಗುಳ ಕೆಳಗಿಂದ ಹಮಾಲರ ಬೈಗುಳ ಎರಡೂ ತಿನ್ನಾಂವ ಅವನೇ. ಆದ್ರ ಅದಕ್ಕಿಂತ ಮೊದ್ಲು ಅವನ ಕೈಯಾಗ ಕೇಳದೇ ಖರ್ಚು ಮಾಡೂ ರೊಕ್ಕ ಇಡ್ರಿ. ನಾ ಈಗಿನವನಿಗ 5,000 ರೂಪಾಯಿ ತನಕ ಬಿಟ್ಟೀನಿ, ಲೆಕ್ಕ ಮರುದಿನ ನೋಡ್ತೀನಿ. ಹಾಜರಿ ದರ ಏರಸೂದಿದ್ರ ಮೊದ್ಲು ಅವನಿಗ ಹೇಳ್ತೀನಿ, ಮಂದಿಗ ಅವನ ಬಾಯಿಂದನೇ ಗೊತ್ತಾಗ್ಲಿ. ಹಮಾಲರು ಫೋನ್ ಮಾಡಿದ್ರ ಪೂರಾ ಕೇಳ್ತೀನಿ, ಅವ ಪಗಾರ ಮುರದಾನ, ಹೆಣ್ಮಕ್ಕಳಿಗೆ ಕೆಟ್ಟ ಮಾತಾಡ್ಯಾನ ಅಂದ್ರ ನಾನೇ ಹೋಗಿ ವಿಚಾರಸ್ತೀನಿ, ಕೆಲಸದ ಮಾತಾದ್ರ "ಅವ್ರಿಗೇ ಹೇಳ್ರಿ" ಅಂತೀನಿ. ಅವನ ತೀರ್ಮಾನ ನನಗ ಸರಿ ಅನ್ಸಲಿಲ್ಲಂದ್ರ ಆಫೀಸ್ ಬಾಗಲ ಹಾಕ್ಕೊಂಡು ಹೇಳ್ತೀನಿ.

ಇಷ್ಟ್ ಮಾಡಿ ಪೂರಾ ಒಂದು ಸೀಜನ್ ಕೊಡ್ರಿ ಅವನಿಗ. ಆಗೂ ಅವ ಕೈ ಕಟ್ಕೊಂಡೇ ನಿಂತ್ರ ತೆಗೀರಿ, ಆಗ ನಾನೂ ಬ್ಯಾಡ ಅನ್ನಂಗಿಲ್ಲ.