ಚೆಂಡು ಬಡಿದು ಐದು ದಿನ, ಮಗನ ಎರಡೂ ಹೊಳ್ಳೆ ಕಟ್ಟಿವೆ, ಈಗ ಜ್ವರ: ಮಾತ್ರೆಯಲ್ಲೇ ವಾಸಿಯಾಗುತ್ತದೆಯೇ?

ನೀವು ಬರೆದಿರುವುದು ಇಷ್ಟು: 9 ವರ್ಷದ ಮಗನ ಮೂಗಿಗೆ ಐದು ದಿನದ ಹಿಂದೆ ಕ್ರಿಕೆಟ್ ಚೆಂಡು ಬಡಿಯಿತು. ಸ್ವಲ್ಪ ರಕ್ತ ಬಂದು ನಿಂತಿತು. ಎಕ್ಸ್‌ರೇ ನೋಡಿ ಮೂಳೆ ಮುರಿದಿಲ್ಲ ಎಂದರು. ಮೂರನೆಯ ದಿನದಿಂದ ಎರಡೂ ಹೊಳ್ಳೆ ಕಟ್ಟಿ ಬಾಯಲ್ಲೇ ಉಸಿರಾಡುತ್ತಿದ್ದಾನೆ. ನಿನ್ನೆಯಿಂದ 101 ಡಿಗ್ರಿ ಜ್ವರ, ಮೂಗಿನ ತುದಿ ಮುಟ್ಟಿದರೆ ಚೀರುತ್ತಾನೆ. ಶೀತವಿರಬೇಕೆಂದು ಕೊಟ್ಟ ಹನಿಯಿಂದ ಏನೂ ಪ್ರಯೋಜನವಾಗಿಲ್ಲ.

ನಾನು ಮಗುವನ್ನು ನೋಡಿಲ್ಲ. ಆದರೂ ಈ ವಿವರ ಓದಿದರೆ ಮೊದಲು ಬರುವ ಅನುಮಾನ ಒಂದೇ: ಮೂಗಿನ ನಡುಗೋಡೆಯಲ್ಲಿ ರಕ್ತ ಕಟ್ಟಿಕೊಂಡು ಅದೀಗ ಕೀವಾಗಿದೆ. ಹಾಗಿದ್ದರೆ ಮಾತ್ರೆಯೊಂದರಿಂದಲೇ ವಾಸಿಯಾಗುವುದಿಲ್ಲ, ಕೀವನ್ನು ಹೊರತೆಗೆಯಲೇಬೇಕು. ನಾಳೆ ನೋಡೋಣ ಎನ್ನದೆ ಇಂದೇ ಇ.ಎನ್.ಟಿ. ವೈದ್ಯರಿರುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಜಿಲ್ಲಾ ಆಸ್ಪತ್ರೆ ಅಥವಾ ಮೆಡಿಕಲ್ ಕಾಲೇಜು ಆಸ್ಪತ್ರೆಯಾದರೆ ರಾತ್ರಿಯಾದರೂ ಸರಿ, ತುರ್ತು ವಿಭಾಗದಲ್ಲಿ ತೋರಿಸಿ. ಮಕ್ಕಳಿಗೆ ಸಾಮಾನ್ಯವಾಗಿ ಪೂರ್ತಿ ಅರಿವಳಿಕೆ ಕೊಟ್ಟೇ ಇದನ್ನು ಮಾಡುತ್ತಾರೆ. ಅದಕ್ಕೆ ಊಟ ಮಾಡಿ 6 ಗಂಟೆ, ಬರೀ ನೀರು ಕುಡಿದು 2 ಗಂಟೆ ಆಗಿರಬೇಕು. ಹಾಗಾಗಿ ಹೊರಡುವ ಮುಂಚೆ ಹೊಟ್ಟೆ ತುಂಬ ತಿನ್ನಿಸಬೇಡಿ, ಕೊನೆಗೆ ಏನು, ಎಷ್ಟು ಹೊತ್ತಿಗೆ ತಿಂದ ಎಂಬುದನ್ನು ನೆನಪಿಟ್ಟುಕೊಳ್ಳಿ.

ಇಷ್ಟು ಅವಸರ ಏಕೆ ಎಂದರೆ, ಎರಡು ಹೊಳ್ಳೆಗಳ ನಡುವಿನ ಗೋಡೆಯ ಮುಂಭಾಗ ಮೂಳೆಯಲ್ಲ, ಕೆಲವೇ ಮಿಲಿಮೀಟರ್ ದಪ್ಪದ ಕಾರ್ಟಿಲೇಜು, ಶಾಲೆಯ ಪುಸ್ತಕದಲ್ಲಿ ಮೃದ್ವಸ್ಥಿ ಎಂದು ಓದಿದ್ದು ಅದನ್ನೇ. ಅದಕ್ಕೆ ಸ್ವಂತ ರಕ್ತನಾಳಗಳಿಲ್ಲ. ಎರಡೂ ಬದಿಗೆ ಅಂಟಿಕೊಂಡಿರುವ ತೆಳುಪೊರೆಯಿಂದ ಜಿನುಗಿ ಬರುವುದೇ ಅದರ ಆಹಾರ. ಪೆಟ್ಟು ಬಿದ್ದಾಗ ಪೊರೆಯ ಸಣ್ಣ ನಾಳಗಳು ಹರಿದು, ಪೊರೆಗೂ ಕಾರ್ಟಿಲೇಜಿಗೂ ನಡುವೆ ರಕ್ತ ತುಂಬಿ, ಪೊರೆ ಬಿಟ್ಟುಕೊಳ್ಳುತ್ತದೆ. ಅಲ್ಲಿಂದ ಕಾರ್ಟಿಲೇಜಿಗೆ ಉಪವಾಸ. ಮೂರು ನಾಲ್ಕು ದಿನದೊಳಗೆ ಅದು ಸಾಯತೊಡಗುತ್ತದೆ. ನಿಂತ ರಕ್ತದಲ್ಲಿ ರೋಗಾಣು ಬೆಳೆಯುವುದಕ್ಕೂ ಹೆಚ್ಚು ದಿನ ಬೇಕಿಲ್ಲ. ಬಹುಪಾಲು ಸಲ ಅದು ಸ್ಟ್ಯಾಫಿಲೊಕಾಕಸ್ ಆರಿಯಸ್, ಹೊಳ್ಳೆಯ ಒಳಗೇ ವಾಸವಿರುವ ಬ್ಯಾಕ್ಟೀರಿಯಾ. ಕೀವಾದ ಮೇಲೆ ಕಾರ್ಟಿಲೇಜು ಕರಗುವ ವೇಗ ಇನ್ನೂ ಹೆಚ್ಚು. ರಕ್ತವೇ ಹರಿಯದ ಜಾಗಕ್ಕೆ ರಕ್ತದಲ್ಲಿ ಬರುವ ಔಷಧಿ ಸಾಕಷ್ಟು ತಲುಪುವುದಿಲ್ಲ. ಬರೀ ಆಂಟಿಬಯಾಟಿಕ್ ಸೋಲುವುದು ಇಲ್ಲೇ.

ಎಕ್ಸ್‌ರೇ ಸರಿಯಿದೆ ಎಂಬ ಸಮಾಧಾನ ಬೇಡ. ಎಕ್ಸ್‌ರೇಯಲ್ಲಿ ಕಾಣುವುದು ಮೂಗಿನ ಮೇಲಿನ ಮೂಳೆ ಮಾತ್ರ. ಕಾರ್ಟಿಲೇಜು, ಅದರ ಪಕ್ಕದ ರಕ್ತ, ಕೀವು ಯಾವುದೂ ಅದರಲ್ಲಿ ಕಾಣುವುದಿಲ್ಲ. ಮಕ್ಕಳಲ್ಲಿ ಮೂಳೆ ಮುರಿಯದೆ ನಡುಗೋಡೆ ಮಾತ್ರ ಪೆಟ್ಟು ತಿನ್ನುವುದು ಅಪರೂಪವೇನಲ್ಲ.

ರೋಗ ಪತ್ತೆ ಮಾಡಲು ದೊಡ್ಡ ಯಂತ್ರ ಬೇಕಿಲ್ಲ, ಬೆಳಕು ಮತ್ತು ಬೆರಳು ಸಾಕು. ಮೂಗಿನ ತುದಿಯನ್ನು ಮೇಲಕ್ಕೆತ್ತಿ ಟಾರ್ಚ್ ಬಿಟ್ಟರೆ ಎರಡೂ ಕಡೆ ನಡುಗೋಡೆಯಿಂದ ಹೊರಗೆ ಉಬ್ಬಿ ಹೊಳ್ಳೆ ಮುಚ್ಚಿರುವ ದುಂಡಗಿನ ಬಾವು ಕಾಣುತ್ತದೆ. ಬಣ್ಣ ಕೆಂಪಗಿರಬಹುದು, ನೀಲಿಗಟ್ಟಿರಬಹುದು, ಮಾಮೂಲಿನಂತೆಯೇ ಇರಲೂಬಹುದು, ಅದನ್ನು ನಂಬುವಂತಿಲ್ಲ. ಶೀತದಲ್ಲಿ ಊದುವುದು ಹೊಳ್ಳೆಯ ಹೊರಬದಿಯ ಗೋಡೆಯಿಂದ ಚಾಚಿಕೊಂಡಿರುವ ಟರ್ಬಿನೇಟ್ ಎಂಬ ದಿಂಡು, ಇಲ್ಲಿ ಊದಿರುವುದು ಒಳಬದಿಯ ಗೋಡೆ. ಅವಸರದಲ್ಲಿ ನೋಡಿದಾಗ ಈ ಎರಡೂ ಅದಲುಬದಲಾಗುತ್ತವೆ, ತಪ್ಪುವುದು ಬಹುತೇಕ ಅಲ್ಲಿಯೇ. ಹಾಗಾಗಿ ಮುಟ್ಟಿ ನೋಡಬೇಕು. ಹತ್ತಿ ಸುತ್ತಿದ ಕಡ್ಡಿಯಿಂದ ಒತ್ತಿದರೆ ಸಹಜ ನಡುಗೋಡೆ ಗಟ್ಟಿ, ರಕ್ತವೋ ಕೀವೋ ತುಂಬಿದ್ದರೆ ಮೆತ್ತಗೆ ತಗ್ಗುತ್ತದೆ. ಮೂಗಿನ ಕಟ್ಟು ಬಿಡಿಸುವ ಕ್ಸೈಲೊಮೆಟಝೊಲಿನ್ ಹನಿ ಬಿಟ್ಟು ಹತ್ತು ನಿಮಿಷ ಕಾದರೆ ಟರ್ಬಿನೇಟ್ ಕುಗ್ಗುತ್ತದೆ, ಈ ಬಾವು ಕುಗ್ಗುವುದಿಲ್ಲ. ನಿಮ್ಮ ಮಗನಿಗೆ ಹನಿ ನಾಟದಿರುವುದೂ ಅದೇ ಕಡೆಗೆ ಬೆರಳು ತೋರಿಸುತ್ತದೆ. ನಡುಗೋಡೆ ಸೊಟ್ಟಗಿದ್ದರೆ ಒಂದು ಕಡೆ ಉಬ್ಬು, ಇನ್ನೊಂದು ಕಡೆ ತಗ್ಗು ಇರುತ್ತದೆ. ಎರಡೂ ಕಡೆ ಉಬ್ಬು ಎಂದರೆ ಒಳಗೆ ಏನೋ ತುಂಬಿದೆ. ಈ ಪರೀಕ್ಷೆಯನ್ನು ಮನೆಯಲ್ಲಿ ನೀವೇ ಮಾಡಲು ಹೋಗಬೇಡಿ. ವೈದ್ಯರು ಕಡ್ಡಿಯಿಂದ ಒತ್ತಿ ನೋಡಿದರೇ ಎಂದು ಕೇಳುವುದರಲ್ಲಿ ತಪ್ಪಿಲ್ಲ, ಕೇಳಿ.

ಖಚಿತ ಮಾಡಿಕೊಳ್ಳಲು ಮರಗಟ್ಟಿಸುವ ಔಷಧಿ ಹಚ್ಚಿ 18 ಗೇಜ್‌ನ ದಪ್ಪ ಸೂಜಿಯಿಂದ ಎಳೆದು ನೋಡುತ್ತಾರೆ. ಕೀವು ಬಂದರೆ ಅದನ್ನು ಗ್ರಾಮ್ ಸ್ಟೇನ್ (ಬಣ್ಣ ಹಾಕಿ ರೋಗಾಣು ನೋಡುವುದು) ಮತ್ತು ಕಲ್ಚರ್‌ಗೆ (ರೋಗಾಣು ಬೆಳೆಸಿ ಗುರುತಿಸುವುದು) ಕಳಿಸಬೇಕು. ಗಾಳಿಯಿಲ್ಲದೆ ಬೆಳೆಯುವ ರೋಗಾಣುಗಳ ಕಲ್ಚರನ್ನೂ ಸೇರಿಸಿದರೆ ಒಳ್ಳೆಯದು, ಹಲ್ಲಿನಿಂದ ಬಂದ ಸೋಂಕಾದರೆ ಅದು ಬೇಕೇ ಬೇಕು. ಹೆಪ್ಪುಗಟ್ಟಿದ ರಕ್ತ, ಗಟ್ಟಿ ಕೀವು ಸೂಜಿಯಲ್ಲಿ ಬಾರದೆಯೂ ಇರಬಹುದು. ಸೂಜಿಯಲ್ಲಿ ಏನೂ ಬರಲಿಲ್ಲ ಎಂದು ಮನೆಗೆ ಕಳಿಸುವುದು ಸರಿಯಲ್ಲ. ಕೀವು ಬಂತೆಂದು ಅಷ್ಟಕ್ಕೇ ಬಿಟ್ಟರೂ ತಪ್ಪು, ಒಂದೆರಡು ದಿನದಲ್ಲಿ ಮತ್ತೆ ತುಂಬಿಕೊಳ್ಳುತ್ತದೆ.

ನಿಜವಾದ ಚಿಕಿತ್ಸೆ ಕೊಯ್ದು ಬಸಿಯುವುದು. ಹೊಳ್ಳೆಯ ಒಳಗೇ ಕೊಯ್ಯುವುದರಿಂದ ಮುಖದ ಮೇಲೆ ಗಾಯದ ಗುರುತು ಉಳಿಯುವುದಿಲ್ಲ. ಎರಡೂ ಕಡೆ ಕೊಯ್ಯಬೇಕಾದರೆ ಎದುರುಬದುರು ಕೊಯ್ಯುವಂತಿಲ್ಲ, ಒಂದು ಮುಂದೆ, ಒಂದು ಹಿಂದೆ ಇರಬೇಕು. ನಡುವಿನ ಕಾರ್ಟಿಲೇಜು ಕರಗಿಹೋಗಿದ್ದು ಗಾಯಗಳೆರಡೂ ಎದುರೆದುರಾದರೆ ಅಲ್ಲೇ ಶಾಶ್ವತವಾದ ತೂತು ಬೀಳುತ್ತದೆ. ಕೀವನ್ನು ಹೀರಿ ತೆಗೆದು, ಸಲೈನಿನಿಂದ ಚೆನ್ನಾಗಿ ತೊಳೆದು, ಸತ್ತ ಕಾರ್ಟಿಲೇಜಿನ ಚೂರುಗಳನ್ನಷ್ಟೇ ತೆಗೆಯುತ್ತಾರೆ. ಬದುಕಿರುವುದನ್ನು ಒಂದು ಚೂರೂ ಕಳೆಯಬಾರದು, ಮಗುವಿನ ಮೂಗು ಬೆಳೆಯಬೇಕಾದದ್ದು ಅದರಿಂದಲೇ. ಮತ್ತೆ ಕೀವು ಕೂಡದಂತೆ ರಬ್ಬರಿನ ಸಣ್ಣ ಪಟ್ಟಿಯನ್ನು ಡ್ರೇನ್ ಆಗಿ ಇಡುತ್ತಾರೆ. ಅದು ಜಾರಿ ಗಂಟಲಿಗೆ ಇಳಿಯದಂತೆ ಹೊಲಿಗೆ ಹಾಕಿರಬೇಕು.

ಆಮೇಲೆ ಎರಡೂ ಹೊಳ್ಳೆಗೆ ಪ್ಯಾಕ್, ಅಂದರೆ ಒಳಗಿನಿಂದ ಒತ್ತಿ ಹಿಡಿಯುವಂತೆ ತುಂಬುವ ಪಟ್ಟಿ. ಪೆಟ್ಟಾಗಿದ್ದು ಒಂದೇ ಕಡೆಗೆ ಎನಿಸಿದರೂ ಎರಡಕ್ಕೂ ಇಡುವುದೇ ಸರಿ, ಏಕೆಂದರೆ ಬಿಟ್ಟುಕೊಂಡ ಪೊರೆ ಮತ್ತೆ ಕಾರ್ಟಿಲೇಜಿಗೆ ಅಂಟಬೇಕಾದರೆ ಎರಡೂ ಬದಿಯಿಂದ ಸಮನಾದ ಒತ್ತಡ ಬೇಕು. ಪ್ಯಾಕ್ ಬದಲಿಗೆ ನಡುಗೋಡೆಯ ಆರಪಾರ ಹಾಯುವ ಹೊಲಿಗೆಗಳನ್ನೋ ಸಿಲಾಸ್ಟಿಕ್ (ಮೆತ್ತನೆಯ ಸಿಲಿಕೋನ್) ಹಾಳೆಗಳನ್ನೋ ಹಾಕುವವರೂ ಇದ್ದಾರೆ. ಮಕ್ಕಳ ವಿಷಯದಲ್ಲಿ ನನಗೆ ಹೊಲಿಗೆಯೇ ಮೇಲೆನಿಸುತ್ತದೆ, ಪ್ಯಾಕ್ ಎಳೆಯುವಾಗಿನ ನೋವು, ಭಯ ಎರಡೂ ತಪ್ಪುತ್ತವೆ. ಪ್ಯಾಕನ್ನು ಸಾಮಾನ್ಯವಾಗಿ ಒಂದೆರಡು ದಿನಕ್ಕೆ ತೆಗೆಯುತ್ತಾರೆ, ಡ್ರೇನನ್ನು ಸೋರುವುದು ನಿಂತ ಮೇಲೆ. ಪ್ಯಾಕ್ ಇರುವಾಗ ಮೈಮೇಲೆ ಕೆಂಪು ದದ್ದು, ವಾಂತಿ, ಭೇದಿ, ತೀರಾ ಸುಸ್ತು ಕಂಡರೆ ಕೂಡಲೇ ನರ್ಸ್‌ಗೆ ತಿಳಿಸಿ. ಸ್ಟ್ಯಾಫಿಲೊಕಾಕಸ್‌ನ ವಿಷದಿಂದ ಆಗುವ ಟಾಕ್ಸಿಕ್ ಶಾಕ್ ಹೀಗೆ ಶುರುವಾಗುತ್ತದೆ.

ಆಂಟಿಬಯಾಟಿಕ್ ಬೇಡವೆಂದಲ್ಲ, ಅದು ಬಸಿಯುವುದರ ಜೊತೆಗೆ ಬೇಕು. ಕಲ್ಚರ್ ವರದಿಗೆ ಎರಡು ಮೂರು ದಿನ ಹಿಡಿಯುವುದರಿಂದ ಮೊದಲು ಅಮಾಕ್ಸಿಸಿಲಿನ್-ಕ್ಲಾವುಲನೇಟ್, ಅಥವಾ ಸೆಫ್ಟ್ರಿಯಾಕ್ಸೋನ್ ಮತ್ತು ಕ್ಲಿಂಡಮೈಸಿನ್ ಜೋಡಿಯನ್ನು ರಕ್ತನಾಳಕ್ಕೆ ಕೊಡುವುದು ರೂಢಿ. ಎಂ.ಆರ್.ಎಸ್.ಎ., ಅಂದರೆ ಮಾಮೂಲಿ ಔಷಧಿಗೆ ಬಗ್ಗದ ಸ್ಟ್ಯಾಫಿಲೊಕಾಕಸ್, ಅನುಮಾನವಿದ್ದರೆ ವ್ಯಾಂಕೊಮೈಸಿನ್. ಜ್ವರ ಇಳಿದ ಮೇಲೆ ಬಾಯಿಯ ಔಷಧಿ, ಎಲ್ಲ ಸೇರಿ 10ರಿಂದ 14 ದಿನ. ನಾಲ್ಕನೆಯ ದಿನಕ್ಕೆ ಮಗು ಆಡತೊಡಗಿತೆಂದು ನಿಲ್ಲಿಸಬೇಡಿ. ಜ್ವರಕ್ಕೆ ಪ್ಯಾರಸಿಟಮಾಲ್ ಕೆ.ಜಿ.ಗೆ 15 ಮಿ.ಗ್ರಾಂ. ಲೆಕ್ಕದಲ್ಲಿ, 25 ಕೆ.ಜಿ. ತೂಗುವ ಮಗುವಿಗೆ ಒಂದು ಸಲಕ್ಕೆ 375 ಮಿ.ಗ್ರಾಂ., 6 ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲ ಮೀರದಂತೆ. ಆಸ್ಪಿರಿನ್ ಬೇಡ.

ಮನೆಯಲ್ಲಿ ಹಿರಿಯರು ಹೇಳುವ ಕೆಲವನ್ನು ಈಗ ಮಾಡಬೇಡಿ. ಮೂಗಿಗೆ ಬಿಸಿ ತುಪ್ಪವೋ ಎಣ್ಣೆಯೋ ಬಿಡುವುದು, ಶಾಖ ಕೊಡುವುದು, ನೀಲಗಿರಿ ಎಣ್ಣೆ ಹಾಕಿ ಹಬೆ ಹಿಡಿಸುವುದು, ಒತ್ತಿ ಕೀವು ತೆಗೆಯಲು ನೋಡುವುದು, ಯಾವುದೂ ಬೇಡ. ಒತ್ತುವುದಂತೂ ಅಪಾಯ. ಮೂಗು ಮತ್ತು ಮೇಲ್ತುಟಿಯ ಸುತ್ತಲಿನ ಅಶುದ್ಧರಕ್ತನಾಳಗಳು ಕಣ್ಣಿನ ಹಿಂದಿನ ನಾಳಗಳ ಮೂಲಕ ತಲೆಬುರುಡೆಯೊಳಗಿನ ಕ್ಯಾವರ್ನಸ್ ಸೈನಸ್ ಎಂಬ ರಕ್ತದ ಮಡುವಿಗೆ ಕೂಡಿಕೊಂಡಿವೆ, ರಕ್ತ ಹಿಮ್ಮುಖವಾಗಿಯೂ ಹರಿಯಬಲ್ಲದು. ಸೋಂಕು ಆ ದಾರಿ ಹಿಡಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಬಹುದು, ಮಿದುಳುಪೊರೆಯ ಉರಿಯೂತವಾಗಬಹುದು, ಮಿದುಳಿನಲ್ಲೇ ಕೀವಾಗಬಹುದು. ಇವು ಅಪರೂಪ, ಆದರೆ ಜೀವಕ್ಕೇ ಕುತ್ತು. ಕಣ್ಣಿನ ರೆಪ್ಪೆ ಊದುವುದು, ಕಣ್ಣುಗುಡ್ಡೆ ಮುಂದಕ್ಕೆ ಬರುವುದು, ಒಂದು ವಸ್ತು ಎರಡಾಗಿ ಕಾಣುವುದು, ಕಣ್ಣು ಹೊರಬದಿಗೆ ತಿರುಗದಿರುವುದು, ತಡೆಯಲಾಗದ ತಲೆನೋವು, ಪದೇಪದೇ ವಾಂತಿ, ಕುತ್ತಿಗೆ ಸೆಟೆದುಕೊಳ್ಳುವುದು, ಮಂಪರು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ. ಆಗ ಕಾಂಟ್ರಾಸ್ಟ್ (ಒಳಭಾಗ ಸ್ಪಷ್ಟವಾಗಿ ಕಾಣಿಸುವ ದ್ರವ) ಹಾಕಿದ ಸಿ.ಟಿ. ಅಥವಾ ಎಂ.ಆರ್.ಐ. ಬೇಕಾಗುತ್ತದೆ. ಪೆಟ್ಟಿನಿಂದಾದ ಸರಳ ಬಾವಿಗೆ ಸ್ಕ್ಯಾನ್ ಕಡ್ಡಾಯವಲ್ಲ, ಸ್ಕ್ಯಾನಿಗಾಗಿ ಕೊಯ್ಯುವುದನ್ನು ಮುಂದೂಡುವುದೂ ಬೇಡ. ಕೀವು ತೆಗೆದು 48 ಗಂಟೆಯಾದರೂ ಜ್ವರ ಇಳಿಯದಿದ್ದರೆ ಮಾತ್ರ ಕಾದು ಕೂರದೆ ಸ್ಕ್ಯಾನ್ ಮಾಡಿಸಬೇಕು.

ಇದೇ ತೊಂದರೆ ಪೆಟ್ಟೇ ಬೀಳದ ದೊಡ್ಡವರಿಗೆ ಬಂದರೆ ಲೆಕ್ಕ ಬೇರೆ. ಮೂಗಿನ ಕೂದಲು ಕಿತ್ತು ಎದ್ದ ಕುರು, ಮೇಲಿನ ಮುಂಭಾಗದ ಹಲ್ಲಿನ ಬೇರಿನ ಕೀವು, ಸೈನಸ್ ಸೋಂಕು, ಇವುಗಳನ್ನು ಹುಡುಕಬೇಕು, ರಕ್ತದ ಸಕ್ಕರೆ ನೋಡಲೇಬೇಕು. ಮೂಲವನ್ನು ಹಾಗೇ ಬಿಟ್ಟು ಕೀವು ಮಾತ್ರ ತೆಗೆದರೆ ಅದು ಮರಳಿ ಬರುತ್ತದೆ. ಸಕ್ಕರೆ ಹತೋಟಿಯಲ್ಲಿಲ್ಲದವರ ಮೂಗಿನಲ್ಲಿ ಕಪ್ಪು ಹೊಪ್ಪಳೆ ಕಂಡರೆ ಶಿಲೀಂಧ್ರವನ್ನು ಮರೆಯುವಂತಿಲ್ಲ. 2021ರಲ್ಲಿ ಕೋವಿಡ್ ನಂತರ ಕರ್ನಾಟಕದಲ್ಲಿ ಅಷ್ಟೊಂದು ಜನರನ್ನು ಕಾಡಿದ ಮ್ಯೂಕರ್, ಬ್ಲ್ಯಾಕ್ ಫಂಗಸ್ ಎಂದು ಕರೆದದ್ದು, ಅದೇ.

ಮನೆಗೆ ಬಂದ ಮೇಲೆ ಎರಡು ವಾರ ಮೂಗು ಸೀಟಿಸಬಾರದು, ಸೀನು ಬಂದರೆ ಬಾಯಿ ತೆರೆದು ಸೀನಲಿ. ತಲೆಯಡಿ ಇನ್ನೊಂದು ದಿಂಬು ಕೊಡಿ, ದಿನಕ್ಕೆ ಮೂರು ನಾಲ್ಕು ಸಲ ಸಲೈನ್ ಹನಿ ಬಿಡಿ. ಚೆಂಡಾಟ ಒಂದೂವರೆ ತಿಂಗಳು ಬೇಡ. ಪ್ಯಾಕ್ ತೆಗೆದ ಮರುದಿನ ಒಮ್ಮೆ, ವಾರಕ್ಕೆ ಇನ್ನೊಮ್ಮೆ ತಪ್ಪದೆ ತೋರಿಸಿ. ಆ ನಡುವೆ ಹೊಳ್ಳೆ ಮತ್ತೆ ಕಟ್ಟಿದರೆ ಕೀವು ಮತ್ತೆ ಕೂಡಿದೆ ಎಂದೇ ತಿಳಿದು ಅಂದೇ ಹೋಗಿ.

ಕಾರ್ಟಿಲೇಜು ಎಷ್ಟು ಹೋಗಿದೆ ಎಂಬುದು ಕೊಯ್ದಾಗ ಗೊತ್ತಾಗುತ್ತದೆ. ವೈದ್ಯರನ್ನು ಕೇಳಿ, ಡಿಸ್ಚಾರ್ಜ್ ಕಾಗದದಲ್ಲಿ ಬರೆಸಿಕೊಳ್ಳಿ. ಹೆಚ್ಚು ಹೋಗಿದ್ದರೆ ಮೂಗಿನ ಬೆನ್ನು ಕುದುರೆಯ ಜೀನಿನ ಹಾಗೆ ನಡುವೆ ತಗ್ಗಾಗುತ್ತದೆ, ತುದಿ ಕುಸಿಯುತ್ತದೆ. ಮಕ್ಕಳಲ್ಲಿ ಮೇಲ್ದವಡೆಯ ನಡುಭಾಗದ ಬೆಳವಣಿಗೆಯೂ ಹಿಂದೆ ಬೀಳಬಹುದು. ಇದು ವಾರದಲ್ಲಿ ಕಾಣುವ ಬದಲಾವಣೆಯಲ್ಲ, ತಿಂಗಳುಗಳಲ್ಲಿ, ಕೆಲವೊಮ್ಮೆ ಮೀಸೆ ಮೂಡುವ ವಯಸ್ಸಿನಲ್ಲಿ ಎದ್ದು ಕಾಣುತ್ತದೆ. ಕಿವಿಯ ಅಥವಾ ಪಕ್ಕೆಲುಬಿನ ಕಾರ್ಟಿಲೇಜು ತೆಗೆದು ಸರಿಪಡಿಸಬಹುದು. ದೊಡ್ಡ ಭಾಗ ಹೋಗಿದ್ದರೆ ಮೊದಲ ಶಸ್ತ್ರಚಿಕಿತ್ಸೆಯಲ್ಲೇ ತುಂಬುವುದೂ ಉಂಟು. ಈಗಲೇ ಎದುರಿನಿಂದ ಮತ್ತು ಎರಡೂ ಪಕ್ಕದಿಂದ ಮಗನ ಮುಖದ ಫೋಟೊ ತೆಗೆದಿಡಿ. 17-18 ವರ್ಷದವರೆಗೆ ವರ್ಷಕ್ಕೊಮ್ಮೆ ಇ.ಎನ್.ಟಿ.ಗೆ ತೋರಿಸುವಾಗ ಆ ಫೋಟೊ ಜೊತೆಗಿದ್ದರೆ ಹೋಲಿಸಿ ನೋಡುವುದು ಸುಲಭ.