ಓದುಗರ ಪ್ರಶ್ನೆ: ಎಂಟು ಬಿಟ್ಟಿನ ಗಣಕದಲ್ಲಿ ರೈಲು

ಪ್ರಶ್ನೆ: 1980ರ ದಶಕದ ಆರಂಭದ ಮನೆಗಣಕಗಳಲ್ಲಿ ರೈಲಿನ ಆಟಗಳಿದ್ದವಂತೆ. ಅಷ್ಟು ಕಿರಿದಾದ ಮೆಮೊರಿಯಲ್ಲಿ ಹಲವು ರೈಲುಗಳನ್ನು ಒಟ್ಟಿಗೆ ಓಡಿಸುವುದು ಹೇಗೆ ಸಾಧ್ಯವಾಯಿತು? ರೈಲು ಹಳಿ ಬಿಟ್ಟು ಹೋಗದಿರುವಾಗ ಆಡುವವರಿಗೆ ಉಳಿಯುವ ಕೆಲಸವಾದರೂ ಏನು?

ಉತ್ತರ: ರೈಲು ಹಳಿ ಬಿಟ್ಟು ಹೋಗದಿರುವುದೇ ಆ ಗಣಕಗಳಿಗೆ ಒದಗಿದ ಅನುಕೂಲ. 1982ರಲ್ಲಿ ಬ್ರಿಟನ್ನಿನಲ್ಲಿ ಬಿಡುಗಡೆಯಾದ ಸಿಂಕ್ಲೇರ್ ಸ್ಪೆಕ್ಟ್ರಮ್ ಎಂಬ ಮನೆಗಣಕದ ಪರದೆಯಲ್ಲಿ ಅಡ್ಡಲಾಗಿ 256, ಉದ್ದಕ್ಕೆ 192 ಚುಕ್ಕೆಗಳಿದ್ದರೂ, ಬಣ್ಣ ನಿಗದಿಯಾಗುತ್ತಿದ್ದುದು ಎಂಟೆಂಟು ಚುಕ್ಕೆಗಳ 768 ಚೌಕಗಳಲ್ಲಿ, ಅದೂ ಚೌಕವೊಂದಕ್ಕೆ ಎರಡೇ ಬಣ್ಣಗಳಂತೆ. ಮನಬಂದತ್ತ ಓಡಾಡುವ ಪಾತ್ರಗಳಿದ್ದ ಆಟಗಳಲ್ಲಿ ಇದರಿಂದ ಬಣ್ಣಗಳು ಕಲಸಿಹೋಗುತ್ತಿದ್ದವು. ಹಳಿಯನ್ನು ಆ ಚೌಕಗಳಿಗೆ ಹೊಂದಿಸಿಯೇ ಹಾಸಬಹುದಾದ್ದರಿಂದ ರೈಲಿನ ಆಟಕ್ಕೆ ಈ ತೊಡಕು ಅಷ್ಟಾಗಿ ತಟ್ಟದು. ಅಲ್ಲದೆ, ಪ್ರತಿ ರೈಲಿಗೂ ಅದು ಯಾವ ಚೌಕದಲ್ಲಿದೆ, ಯಾವ ದಿಕ್ಕಿಗೆ ಹೊರಟಿದೆ ಎಂಬಷ್ಟನ್ನು ನೆನಪಿಟ್ಟುಕೊಂಡರೆ ಸಾಕು. ಮುಂದಿನ ಚೌಕದಲ್ಲಿರುವುದು ನೇರ ಹಳಿಯೋ ತಿರುವೋ ಪಾಯಿಂಟೋ (ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಕವಲು) ಎಂದು ನೋಡಿದರೆ ದಾರಿ ತಾನಾಗಿ ಗೊತ್ತಾಗುತ್ತದೆ. ಹಾಗಾಗಿ ಇನ್ನೊಂದು ರೈಲನ್ನು ಸೇರಿಸಲು ಕೆಲವೇ ಬೈಟುಗಳ ಖರ್ಚು.

ಆಡುವವರ ಕೆಲಸ ಇರುವುದು ಪಾಯಿಂಟುಗಳಲ್ಲಿ. ಮೈಕ್ರೋಸ್ಫಿಯರ್ ಸಂಸ್ಥೆ 1983ರಲ್ಲಿ ಸ್ಪೆಕ್ಟ್ರಮ್ಮಿಗಾಗಿ ತಂದ 'ದಿ ಟ್ರೈನ್ ಗೇಮ್' ಇಂಥದ್ದು: ಹಳಿಗಳ ಜಾಲವನ್ನು ಮೇಲಿನಿಂದ ನೋಡುತ್ತ, ಪಾಯಿಂಟುಗಳನ್ನು ಬದಲಿಸಿ, ಡಿಕ್ಕಿಯಾಗದಂತೆ ರೈಲುಗಳನ್ನು ನಿಲ್ದಾಣಗಳಿಗೆ ಮುಟ್ಟಿಸಬೇಕು. ಒಂದು ರೈಲಿಗೆ ದಾರಿ ಬಿಡುವ ತೀರ್ಮಾನವೇ ಇನ್ನೊಂದಕ್ಕೆ ಅಡ್ಡಿಯಾಗುವುದರಿಂದ, ಇಲ್ಲಿ ಬೆರಳಿನ ಚುರುಕಿಗಿಂತ ಮುಂದಾಲೋಚನೆ ಮುಖ್ಯ.

ಎರಡು ವರ್ಷಗಳ ಬಳಿಕ ಹ್ಯೂಸನ್ ಸಂಸ್ಥೆಯ 'ಸದರ್ನ್ ಬೆಲ್' ಆಡುವವರನ್ನು ಎಂಜಿನ್ನಿನೊಳಕ್ಕೇ ಹತ್ತಿಸಿತು. ಲಂಡನ್ನಿನ ವಿಕ್ಟೋರಿಯಾದಿಂದ ಬ್ರೈಟನ್‌ಗೆ ಉಗಿಬಂಡಿಯನ್ನು ವೇಳೆಗೆ ಸರಿಯಾಗಿ ಒಯ್ಯುವುದು ಅದರ ಪಂಥ. ಇಲ್ಲಿ ದಾರಿ ಮೊದಲೇ ನಿಶ್ಚಿತ, ಕಷ್ಟವೆಲ್ಲ ಬಾಯ್ಲರಿನದು. ಉಗಿಯ ಹರಿವನ್ನು ನಿಯಂತ್ರಿಸುವ ರೆಗ್ಯುಲೇಟರನ್ನು ಧಾರಾಳವಾಗಿ ತೆರೆದರೆ ಉಗಿ ತಯಾರಾಗುವುದಕ್ಕಿಂತ ಬೇಗ ಖರ್ಚಾಗುತ್ತದೆ, ನೀರು ತುಂಬಿಸಿದರೆ ಒತ್ತಡ ಇಳಿಯುತ್ತದೆ, ತುಂಬಿಸದೆ ಬಿಟ್ಟರೆ ಬಾಯ್ಲರಿಗೇ ಅಪಾಯ. ಪರದೆಯ ಮೇಲಿನ ದೃಶ್ಯ ಬರಿಯ ಗೆರೆಗಳದ್ದಾದರೂ, ಈ ಲೆಕ್ಕಾಚಾರದ ದೆಸೆಯಿಂದ ಎಂಜಿನ್ನಿಗೆ ತೂಕವಿದೆಯೆಂಬ ಭಾವನೆ ಮೂಡುತ್ತದೆ; ನನ್ನ ಮಟ್ಟಿಗೆ ಆ ಕಾಲದ ರೈಲಿನ ಆಟಗಳಲ್ಲಿ ಇದೇ ಹೆಚ್ಚು. ತಾಳ್ಮೆ ಕಡಿಮೆಯಿರುವವರು ಮಾತ್ರ ಪಾಯಿಂಟುಗಳ ಆಟದಿಂದಲೇ ಆರಂಭಿಸುವುದು ಲೇಸು.