ಮನೆಯ ಪುಸ್ತಕಗಳಿಗೊಂದು ಆನ್‌ಲೈನ್ ಸೂಚಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮನೆಯಲ್ಲಿರುವ ಪುಸ್ತಕ, ಚಿತ್ರಕಥೆ ಮತ್ತು ಸಂಗೀತದ ಲಿಪಿ ಹಾಳೆಗಳನ್ನು ಅಂತರ್ಜಾಲದಲ್ಲಿ ಪಟ್ಟಿ ಮಾಡುವ ಬಗ್ಗೆ ಬಂದ ಪತ್ರಗಳಲ್ಲಿ ಐದನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಒಂದೇ ವಿಷಯವನ್ನು ಹಲವರು ಕೇಳಿದ್ದಲ್ಲಿ ಎಲ್ಲರಿಗೂ ಸೇರಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ತಂದೆಯವರು ಕೂಡಿಟ್ಟ ಕನ್ನಡ ಪುಸ್ತಕಗಳು ನಮ್ಮಲ್ಲಿವೆ. ಬಹುಪಾಲು 1950ರಿಂದ 1980ರ ನಡುವೆ ಅಚ್ಚಾದವು. ಮೊಬೈಲಿನಲ್ಲಿ ಬಾರ್‌ಕೋಡ್ ಸ್ಕ್ಯಾನ್ ಮಾಡಿದರೆ ವಿವರವೆಲ್ಲ ತಾನಾಗಿ ಬರುತ್ತದೆ ಎಂದು ಮಗಳು ಹೇಳುತ್ತಾಳೆ. ಆದರೆ ಈ ಪುಸ್ತಕಗಳಿಗೆ ಬಾರ್‌ಕೋಡೇ ಇಲ್ಲ. ಹೊಸ ಪುಸ್ತಕಗಳಿಗೆ ಇದ್ದರೂ ಎಷ್ಟೋ ಸಲ ಏನೂ ಸಿಗುವುದಿಲ್ಲ. ದಾರಿ ಯಾವುದು?
— ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಬಾರ್‌ಕೋಡಿನಲ್ಲಿ ಇರುವುದು ಐಎಸ್‌ಬಿಎನ್ ಎಂಬ, ಪುಸ್ತಕವನ್ನು ಗುರುತಿಸುವ ಸಂಖ್ಯೆ ಮಾತ್ರ. ಅದು ಅಂತರರಾಷ್ಟ್ರೀಯ ಮಾನಕವಾದದ್ದು 1970ರಲ್ಲಿ. ಮೊದಲು ಹತ್ತು ಅಂಕಿಗಳಿದ್ದದ್ದು 2007ರ ಜನವರಿಯಿಂದ ಹದಿಮೂರಾಯಿತು. ಭಾರತದ ಪುಸ್ತಕಗಳಲ್ಲಿ 978ರ ನಂತರ 81 ಅಥವಾ 93 ಎಂದಿರುತ್ತದೆ. ಕನ್ನಡದ ಸಣ್ಣ ಪ್ರಕಾಶಕರಲ್ಲಿ ಅನೇಕರು ಈ ಸಂಖ್ಯೆಯ ಗೋಜಿಗೆ ಹೋಗಿದ್ದು ಬಹಳ ತಡವಾಗಿ. ಹೋದವರಲ್ಲೂ ಒಂದೇ ಸಂಖ್ಯೆಯನ್ನು ಎರಡು ಪುಸ್ತಕಗಳಿಗೆ ಅಚ್ಚು ಹಾಕಿದವರಿದ್ದಾರೆ. ಆ್ಯಪ್ ತಾನಾಗಿ ಏನನ್ನೂ ತಿಳಿದಿರುವುದಿಲ್ಲ, ಬೇರೆ ಯಾರೋ ಮೊದಲೇ ತುಂಬಿಟ್ಟ ಮಾಹಿತಿಯನ್ನು ಹುಡುಕಿ ತರುತ್ತದೆ. ಯಾರೂ ತುಂಬಿರದಿದ್ದರೆ ಬರಿಗೈಯಲ್ಲಿ ಮರಳುತ್ತದೆ.

ಆದ್ದರಿಂದ ತಾವು ಶೀರ್ಷಿಕೆ ಪುಟದಿಂದಲೇ ಆರಂಭಿಸಬೇಕು. ರಕ್ಷಾಪುಟದಲ್ಲಿ ಕಲಾವಿದರು ಹೆಸರನ್ನು ತಮಗೆ ಬೇಕಾದಂತೆ ಬರೆದಿರಬಹುದು, ಉಪಶೀರ್ಷಿಕೆಯನ್ನು ಬಿಟ್ಟಿರಬಹುದು. ಒಳಗಿನ ಶೀರ್ಷಿಕೆ ಪುಟವೇ ಪ್ರಮಾಣ. ಅದರ ಹಿಂಬದಿಯನ್ನು ನಿಧಾನವಾಗಿ ಓದಿರಿ. ನಮ್ಮ ಪುಸ್ತಕಗಳಲ್ಲಿ ಅಲ್ಲಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಒಂದು ಒಕ್ಕಣೆ ಇರುತ್ತದೆ: ಪುಸ್ತಕದ ಹೆಸರು, ‘ಎ ನಾವೆಲ್ ಇನ್ ಕನ್ನಡ ಬೈ’ ಇಂಥವರು, ಪ್ರಕಾಶಕರ ವಿಳಾಸ, ಪುಟಗಳು 12+248, ಬೆಲೆ ಇಷ್ಟು. ಬಹಳ ಮಂದಿ ಕಣ್ಣುಹಾಯಿಸದೆ ದಾಟುವ ಈ ಸಾಲು ಸೂಚಿ ಮಾಡುವವರಿಗೆ ವರವೇ ಸರಿ. ಏಕೆಂದರೆ ಪ್ರಕಾಶಕರೇ ಒಪ್ಪಿಕೊಂಡ ರೋಮನ್ ಕಾಗುಣಿತ ಅಲ್ಲಿ ಸಿಗುತ್ತದೆ. ಅದರ ಕೆಳಗೆ ಪ್ರಥಮ ಮುದ್ರಣ, ದ್ವಿತೀಯ ಮುದ್ರಣ ಎಂಬ ವಿವರ, ಪ್ರತಿಗಳ ಸಂಖ್ಯೆ, ಡೆಮಿಯೋ ಕ್ರೌನೋ ಎಂಬ ಆಕಾರ, ಕೊನೆಗೆ ಮುದ್ರಣಾಲಯದ ಹೆಸರು ಇರುತ್ತವೆ. ಮುದ್ರಕರ ಹೆಸರು ಮತ್ತು ಮುದ್ರಣದ ಸ್ಥಳವನ್ನು ಅಚ್ಚು ಹಾಕಬೇಕೆಂಬ ನಿಯಮ 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯ್ದೆಯಿಂದಲೇ ಬಂದದ್ದು. ಹಾಗಾಗಿ ವರ್ಷ ನಮೂದಾಗದ ಹಳೆಯ ಪುಸ್ತಕದಲ್ಲೂ ಮುದ್ರಣಾಲಯದ ಹೆಸರು ಸಾಮಾನ್ಯವಾಗಿ ಇರುತ್ತದೆ, ಅದರಿಂದ ಕಾಲವನ್ನು ಅಂದಾಜು ಮಾಡಲು ಸಾಧ್ಯವಾಗುತ್ತದೆ. ಅಂದಾಜಿನ ವರ್ಷವನ್ನು ಚೌಕ ಕಂಸದಲ್ಲಿ ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕಿರಿ. ಗ್ರಂಥಪಾಲಕರು ಹಿಂದಿನಿಂದಲೂ ಅನುಸರಿಸಿಕೊಂಡು ಬಂದ ಪದ್ಧತಿ ಅದು.

ಇನ್ನೊಂದು ಮಾತು. ತಾವು ಪಟ್ಟಿ ಮಾಡುತ್ತಿರುವುದು ಲೋಕದಲ್ಲಿರುವ ಒಂದು ಕೃತಿಯನ್ನಲ್ಲ, ತಮ್ಮ ಕೈಯಲ್ಲಿರುವ ಒಂದು ಪ್ರತಿಯನ್ನು. ಕೃತಿಯ ಸಾರಾಂಶ, ಲೇಖಕರ ಜೀವನಚರಿತ್ರೆ ಇವನ್ನೆಲ್ಲ ಬೇರೆಯವರು ಬರೆದಾರು. ಆದರೆ ಒಳಪುಟದಲ್ಲಿ ತಂದೆಯವರು ಹಾಕಿದ ಸಹಿ, ಕೊಂಡ ತಾರೀಖು, ಶಾಲೆಯ ಬಹುಮಾನದ ಚೀಟಿ, ಲೇಖಕರ ಹಸ್ತಾಕ್ಷರ, ಕಳಚಿಹೋದ ಪುಟಗಳು, ಇವುಗಳನ್ನು ಬೇರೆ ಯಾರೂ ಬರೆಯಲಾರರು. ಪುಸ್ತಕದ ವಿವರಕ್ಕೆ ಒಂದು ಅಂಕಣವಾದರೆ ಈ ಪ್ರತಿಯ ವಿವರಕ್ಕೆ ಇನ್ನೊಂದು ಅಂಕಣ ಇರಲೇಬೇಕು. ಮನೆಯ ಸೂಚಿಗೂ ಅಂಗಡಿಯ ದರಪಟ್ಟಿಗೂ ಇರುವ ವ್ಯತ್ಯಾಸ ಇಷ್ಟೇ ಎಂದು ನನ್ನ ಅಭಿಪ್ರಾಯ.

ಪ್ರಶ್ನೆ: ಸೂಚಿ ಮಾಡಲು ಯಾವ ಜಾಲತಾಣ ಒಳ್ಳೆಯದು? ಒಮ್ಮೆ ತುಂಬಿದ್ದು ಶಾಶ್ವತವಾಗಿ ಉಳಿಯುತ್ತದೆಯೇ?
— ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ, ಇನ್ನೂ ಹಲವರು

ಉತ್ತರ: ಶಾಶ್ವತವಾಗಿ ಏನೂ ಉಳಿಯುವುದಿಲ್ಲ. ಶೆಲ್ಫಾರಿ ಎಂಬ ತಾಣ 2006ರಲ್ಲಿ ಆರಂಭವಾಗಿ 2008ರಲ್ಲಿ ಅಮೆಜಾನ್ ಕೈಸೇರಿತು, 2016ರಲ್ಲಿ ಮುಚ್ಚಿತು. ಗುಡ್‌ರೀಡ್ಸ್ 2007ರಲ್ಲಿ ಹುಟ್ಟಿದ್ದು, ಅದೂ 2013ರಿಂದ ಅದೇ ಸಂಸ್ಥೆಯದು. ಆದ್ದರಿಂದ ಮೂಲಪಟ್ಟಿ ತಮ್ಮ ಕಂಪ್ಯೂಟರಿನಲ್ಲಿ ಸಾಮಾನ್ಯ ಸ್ಪ್ರೆಡ್‌ಶೀಟ್ ಆಗಿಯೇ ಇರಲಿ. ಜಾಲತಾಣದಲ್ಲಿ ಇರುವುದು ಅದರ ನಕಲು. ಯಾವ ತಾಣವನ್ನು ಆರಿಸಿಕೊಂಡರೂ ಪಟ್ಟಿಯನ್ನು ಸಿಎಸ್‌ವಿ ಎಂಬ, ಸ್ಪ್ರೆಡ್‌ಶೀಟಿನಲ್ಲಿ ತೆರೆಯಬಲ್ಲ ಕಡತವಾಗಿ ಇಳಿಸಿಕೊಳ್ಳುವ ಅನುಕೂಲ ಇದೆಯೇ ಎಂದು ಮೊದಲು ನೋಡಿರಿ. ಅದಿಲ್ಲದ ಕಡೆ ಕಾಲಿಡಬೇಡಿರಿ.

ಪುಸ್ತಕಗಳೇ ಮುಖ್ಯವಾಗಿದ್ದರೆ 2005ರಿಂದ ನಡೆಯುತ್ತಿರುವ ಲೈಬ್ರರಿಥಿಂಗ್ ನನ್ನ ಆಯ್ಕೆ. ಮೊದಲು ಇನ್ನೂರು ಪುಸ್ತಕ ದಾಟಿದರೆ ಹಣ ಕೊಡಬೇಕಿತ್ತು, 2020ರಲ್ಲಿ ಆ ಮಿತಿಯನ್ನು ತೆಗೆದರು. ಅದು ಅಂಗಡಿಗಳ ಮಾಹಿತಿಯನ್ನಷ್ಟೇ ಅಲ್ಲದೆ ಜಗತ್ತಿನ ಅನೇಕ ಗ್ರಂಥಾಲಯಗಳ ಸೂಚಿಗಳನ್ನೂ ಹುಡುಕುತ್ತದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1962ರಿಂದ ನವದೆಹಲಿಯ ತನ್ನ ಕಚೇರಿಯ ಮೂಲಕ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಳ್ಳುತ್ತ ಬಂದಿರುವುದರಿಂದ, ಧಾರವಾಡದಲ್ಲೋ ಮೈಸೂರಿನಲ್ಲೋ ಅಚ್ಚಾದ ಕಾದಂಬರಿಯ ದಾಖಲೆ ವಾಷಿಂಗ್ಟನ್ನಿನಲ್ಲಿ ಸಿಗುವುದು ಅಪರೂಪವೇನಲ್ಲ. ಆದರೆ ಅಲ್ಲಿ ಹೆಸರುಗಳು ಸಾಮಾನ್ಯವಾಗಿ ರೋಮನ್ ಲಿಪಿಯಲ್ಲಿ, ಅಕ್ಷರದ ಮೇಲೂ ಕೆಳಗೂ ಗೆರೆ ಚುಕ್ಕೆಗಳ ಸಮೇತ ಇರುತ್ತವೆ. ಹಿಂಬದಿಯ ಪುಟದಲ್ಲಿರುವ ಆ ಇಂಗ್ಲಿಷ್ ಸಾಲನ್ನು ಇಟ್ಟುಕೊಂಡು ಹುಡುಕಿದರೆ ಸಿಗುವ ಸಂಭವ ಹೆಚ್ಚು.

ತಮ್ಮಲ್ಲಿರುವ ಅಪರೂಪದ ಪುಸ್ತಕದ ಮಾಹಿತಿ ಎಲ್ಲರಿಗೂ ಸಿಗಲಿ ಎಂಬ ಆಸೆಯಿದ್ದರೆ ಇಂಟರ್ನೆಟ್ ಆರ್ಕೈವ್ ನಡೆಸುವ ಓಪನ್ ಲೈಬ್ರರಿಯಲ್ಲಿ ಯಾರು ಬೇಕಾದರೂ ಹೊಸ ದಾಖಲೆ ಸೇರಿಸಬಹುದು. ದೊಡ್ಡ ಗ್ರಂಥಾಲಯಗಳಿಗೆಂದು ರೂಪಿಸಿದ ಕೋಹಾದಂಥ ತಂತ್ರಾಂಶ ಮನೆಗೆ ಬೇಡ.

ಪ್ರಶ್ನೆ: ಕನ್ನಡದಲ್ಲಿ ತುಂಬಿದ ಪಟ್ಟಿಯಲ್ಲಿ ಹುಡುಕಿದರೆ ಇರುವ ಪುಸ್ತಕವೇ ಇಲ್ಲವೆಂದು ತೋರಿಸುತ್ತದೆ. ಒಬ್ಬರೇ ಲೇಖಕರು ಮೂರು ಮೂರು ಕಡೆ ಕಾಣಿಸಿಕೊಳ್ಳುತ್ತಾರೆ. ಕನ್ನಡ ಬಿಟ್ಟು ಇಂಗ್ಲಿಷಿನಲ್ಲೇ ತುಂಬಬೇಕೇ?
— ಗೃಹಿಣಿ, ಪುತ್ತೂರು

ಉತ್ತರ: ಖಂಡಿತ ಬೇಡ. ಕನ್ನಡ ಲಿಪಿಯ ಶೀರ್ಷಿಕೆಯೇ ಮುಖ್ಯ ಅಂಕಣದಲ್ಲಿರಲಿ, ರೋಮನ್ ರೂಪ ಪಕ್ಕದ ಅಂಕಣದಲ್ಲಿರಲಿ.

ತೊಂದರೆ ಇರುವುದು ಬರವಣಿಗೆಯ ಏಕರೂಪತೆಯಲ್ಲಿ. ಡಿ.ವಿ.ಜಿ., ಡಿ. ವಿ. ಜಿ., ಡಿವಿಜಿ ಎಂದು ಬರೆದರೆ ನಮಗೆ ಒಬ್ಬರೇ, ಯಂತ್ರಕ್ಕೆ ಮೂವರು. ಡಿ. ವಿ. ಗುಂಡಪ್ಪ ಎಂದರೆ ನಾಲ್ಕನೆಯವರು! ‘ಎಂ’ ಮತ್ತು ‘ಎಮ್’, ‘ರಾಂ’ ಮತ್ತು ‘ರಾಮ್’ ಇವುಗಳದ್ದೂ ಇದೇ ಕಥೆ. ಕಣ್ಣಿಗೆ ಕಾಣದ ಇನ್ನೊಂದು ಅಡಚಣೆಯಿದೆ. ‘ರಾಜ್‌ಕುಮಾರ್’ ಎಂಬಲ್ಲಿ ಜಕಾರ ಕಕಾರಗಳು ಒತ್ತಾಗದಿರಲೆಂದು ಕೀಲಿಮಣೆ ನಡುವೆ ಒಂದು ಅದೃಶ್ಯ ಸಂಕೇತವನ್ನು ಸೇರಿಸುತ್ತದೆ, ಹುಡುಕುವಾಗ ಅದನ್ನು ಸೇರಿಸದಿದ್ದರೆ ಕೆಲವು ತಾಣಗಳಲ್ಲಿ ಹೆಸರು ಹೊಂದುವುದಿಲ್ಲ.

ಹೀಗಾಗಿ ಲೇಖಕರ ಹೆಸರುಗಳಿಗೇ ಪ್ರತ್ಯೇಕ ಹಾಳೆಯೊಂದನ್ನು ಮಾಡಿಕೊಳ್ಳಿರಿ. ಪ್ರತಿಯೊಬ್ಬರಿಗೂ ಒಂದು ಅಂಗೀಕೃತ ರೂಪವನ್ನು ನಿಶ್ಚಯಿಸಿ, ಉಳಿದ ರೂಪಗಳನ್ನೂ ನಿಜನಾಮವನ್ನೂ ಅದರ ಮುಂದೆ ಬರೆಯಿರಿ. ಕಾವ್ಯನಾಮಗಳ ನಾಡಾದ ನಮ್ಮಲ್ಲಿ ಇದು ಅನಿವಾರ್ಯ. ಬೇಂದ್ರೆಯವರು ಅಂಬಿಕಾತನಯದತ್ತರೂ ಹೌದು, ಶ್ರೀರಂಗರು ಆದ್ಯ ರಂಗಾಚಾರ್ಯರೂ ಹೌದು. ಓದುಗರಿಗೆ ಹೆಚ್ಚು ಪರಿಚಿತವಾದ ಹೆಸರನ್ನೇ ಅಂಗೀಕೃತ ರೂಪವಾಗಿ ಇಟ್ಟುಕೊಳ್ಳುವುದು ಲೇಸು. ಆದರೆ ಶೀರ್ಷಿಕೆ ಪುಟದಲ್ಲಿ ಹೇಗಿದೆಯೋ ಹಾಗೆಯೇ ಇನ್ನೊಂದು ಅಂಕಣದಲ್ಲಿ ನಮೂದಿಸಿರಿ. ಲೈಬ್ರರಿಥಿಂಗ್‌ನಲ್ಲಿ ಚದುರಿದ ಲೇಖಕರ ಹೆಸರುಗಳನ್ನೂ ಒಂದೇ ಕೃತಿಯ ಬೇರೆ ಬೇರೆ ಆವೃತ್ತಿಗಳನ್ನೂ ಸದಸ್ಯರೇ ಕೂಡಿಸಬಹುದು.

ಹಳೆಯ ನುಡಿ ಅಥವಾ ಬರಹ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ಪಟ್ಟಿ ಇದ್ದವರು ಅದನ್ನು ನೇರವಾಗಿ ಅಂಟಿಸಬಾರದು, ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಬೀಳುತ್ತದೆ. ಯೂನಿಕೋಡ್ ಪರಿವರ್ತಕದಲ್ಲಿ ಹಾಯಿಸಿ, ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಒಮ್ಮೆ ಕಣ್ಣಾರೆ ನೋಡಿ ಸರಿಪಡಿಸಿಕೊಳ್ಳಬೇಕು.

ಪ್ರಶ್ನೆ: ಬಾಲ್ಯದಲ್ಲಿ ಕೂಡಿಸಿದ ಅಮರ ಚಿತ್ರಕಥೆ ಮತ್ತು ಇಂದ್ರಜಾಲ ಕಾಮಿಕ್ಸ್‌ಗಳು ನನ್ನಲ್ಲಿವೆ. ಹತ್ತು ಹನ್ನೆರಡನ್ನು ಸೇರಿಸಿ ಬೈಂಡ್ ಮಾಡಿಸಿದ್ದರಿಂದ ಕೆಲವಕ್ಕೆ ಮುಖಪುಟ ಇಲ್ಲ. ಇವನ್ನು ಪುಸ್ತಕದಂತೆಯೇ ನಮೂದಿಸಬಹುದೇ?
— ಎಂಜಿನಿಯರ್, ಬೆಂಗಳೂರು

ಉತ್ತರ: ಬೈಂಡಿಗೆ ಒಂದು ಸಂಖ್ಯೆ ಕೊಡಿರಿ, ಆದರೆ ಒಳಗಿನ ಪ್ರತಿ ಸಂಚಿಕೆಗೂ ಬೇರೆ ಸಾಲು ಇರಲಿ. ಚಿತ್ರಕಥೆಯಲ್ಲಿ ಶೀರ್ಷಿಕೆಗಿಂತ ಮಾಲೆ ಮತ್ತು ಸಂಚಿಕೆಯ ಸಂಖ್ಯೆಯೇ ಮುಖ್ಯ. ಆ ಸಂಖ್ಯೆಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ ಎನ್ನುವುದಕ್ಕೆ ತಮ್ಮ ಸಂಗ್ರಹವೇ ಒಳ್ಳೆಯ ಉದಾಹರಣೆ. ಅಮರ ಚಿತ್ರಕಥೆಯ ಮೊದಲ ಹತ್ತು ಸಂಖ್ಯೆಗಳು ಸಿಂಡರೆಲಾಳಂಥ ಪಾಶ್ಚಾತ್ಯ ಕಥೆಗಳು, ಅವು ಹೊರಬಂದದ್ದು ಕನ್ನಡದಲ್ಲಿ. ಅನಂತ ಪೈ ಅವರ ಕೃಷ್ಣನ ಕಥೆಗೆ ಇಂಗ್ಲಿಷಿನಲ್ಲಿ ಹನ್ನೊಂದನೆಯ ಸಂಖ್ಯೆ ಬಿದ್ದದ್ದು ಅದಕ್ಕಾಗಿಯೇ. ಮುಂದೆ ಮರುಮುದ್ರಣ ಮಾಡುವಾಗ 501ರಿಂದ ಹೊಸ ಸಂಖ್ಯೆಗಳು ಬಂದವು. ಹೀಗೆ ಒಂದೇ ಕಥೆಗೆ ಎರಡು ಸಂಖ್ಯೆಗಳಿರುವುದರಿಂದ, ಸಂಖ್ಯೆಯ ಜೊತೆಗೆ ಅಚ್ಚಾದ ಬೆಲೆಯನ್ನೂ ಬರೆದಿಟ್ಟರೆ ಯಾವ ಮುದ್ರಣ ಎಂದು ಹೇಳಲು ಅನುಕೂಲ. ಇಂದ್ರಜಾಲ 1964ರಿಂದ 1990ರವರೆಗೆ ಟೈಮ್ಸ್ ಆಫ್ ಇಂಡಿಯಾ ಬಳಗದಿಂದ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಬಂತು. ಮೊದಲು ಸರಣಿ ಸಂಖ್ಯೆ ಇದ್ದದ್ದು 1980ರ ದಶಕದಲ್ಲಿ ಸಂಪುಟ-ಸಂಚಿಕೆ ಕ್ರಮಕ್ಕೆ ಬದಲಾಯಿತು. ಇಂಗ್ಲಿಷ್ ಆವೃತ್ತಿಯ ಸಂಖ್ಯೆಯನ್ನು ಕನ್ನಡದ ಸಂಚಿಕೆಗೆ ಅಂದಾಜಿನಿಂದ ಹಾಕಬೇಡಿರಿ.

ಮುಖಪುಟ ಹೋದ ಸಂಚಿಕೆಯಲ್ಲಿ ಮೊದಲ ಪುಟದ ಕಥೆಯ ಹೆಸರನ್ನೂ ಕೊನೆಯ ಪುಟದ ಬುಡದಲ್ಲಿ ಸಣ್ಣ ಅಕ್ಷರದಲ್ಲಿರುವ ಮುದ್ರಕರ, ಪ್ರಕಾಶಕರ ಒಕ್ಕಣೆಯನ್ನೂ ನೋಡಿರಿ. ಬೈಂಡರ್ ಅಂಚು ಕತ್ತರಿಸುವಾಗ ಅದೂ ಹೋಗಿದ್ದರೆ ಒಳಗಿನ ಜಾಹೀರಾತುಗಳಿಂದ ಕಾಲ ಹಿಡಿಯಬಹುದು. ಗ್ರ್ಯಾಂಡ್ ಕಾಮಿಕ್ಸ್ ಡೇಟಾಬೇಸ್ ಎಂಬ, 1994ರಿಂದ ಸ್ವಯಂಸೇವಕರು ಕಟ್ಟುತ್ತಿರುವ ತಾಣದಲ್ಲಿ ಸಂಚಿಕೆಯೊಳಗಿನ ಪ್ರತಿ ಕಥೆಯನ್ನೂ ಬೇರೆಬೇರೆಯಾಗಿ ನಮೂದಿಸಿರುತ್ತಾರೆ, ಮುಖಪುಟದ ಚಿತ್ರಗಳೂ ಇರುತ್ತವೆ. ಹೋಲಿಸಿ ನೋಡಲು ಅದು ಉಪಯುಕ್ತ. ಬಾಡಿಗೆ ಗ್ರಂಥಾಲಯದ ಮೊಹರು ಇದ್ದರೆ ಅದನ್ನೂ ಬರೆಯಿರಿ. ಊರೂರಿನ ಆ ಗ್ರಂಥಾಲಯಗಳ ಕುರುಹಾಗಿ ಎಷ್ಟೋ ಕಡೆ ಉಳಿದಿರುವುದು ಆ ಮೊಹರು ಮಾತ್ರ.

ಪ್ರಶ್ನೆ: ನಮ್ಮ ತಾತ ಪಿಟೀಲು ನುಡಿಸುತ್ತಿದ್ದರು. ಪಾಶ್ಚಾತ್ಯ ಸಂಗೀತದ ಅಚ್ಚಾದ ಹಾಳೆಗಳೂ ಅವರೇ ಕೈಯಿಂದ ಬರೆದ ಕೃತಿ, ದೇವರನಾಮಗಳ ಸ್ವರಲಿಪಿಯ ನೋಟ್‌ಬುಕ್ಕುಗಳೂ ಇವೆ. ಪುಸ್ತಕದ ತಾಣಗಳಲ್ಲಿ ಇವಕ್ಕೆ ಜಾಗವೇ ಕಾಣುವುದಿಲ್ಲ. ಸ್ಕ್ಯಾನ್ ಮಾಡಿ ಏರಿಸಬಹುದೇ ಎಂಬುದನ್ನೂ ತಿಳಿಸಿ.
— ಸಂಗೀತ ವಿದ್ಯಾರ್ಥಿನಿ, ಮೈಸೂರು

ಉತ್ತರ: ಜಯಚಾಮರಾಜ ಒಡೆಯರು ಸ್ವತಃ ಪಿಯಾನೊ ಬಲ್ಲವರು, ರಷ್ಯದ ಸಂಯೋಜಕ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು. ಅವರ ಊರಿನ ಮನೆಯಲ್ಲಿ ಇಂಥ ಹಾಳೆಗಳು ಸಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ.

ಅಚ್ಚಾದ ಹಾಳೆಗಳಿಗೆ ಶೀರ್ಷಿಕೆ ಸಾಲದು. ‘ಸೊನಾಟಾ’ ಎಂಬ ಹೆಸರಿನಲ್ಲಿ ಸಾವಿರಾರು ರಚನೆಗಳಿವೆ. ಸಂಯೋಜಕರು, ಶ್ರುತಿ, ಸಂಯೋಜಕರ ರಚನೆಗಳ ಕ್ರಮವನ್ನು ತೋರಿಸುವ ಓಪಸ್ ಸಂಖ್ಯೆ (ಮೊಜಾರ್ಟ್ ಆದರೆ ಕೋಖೆಲ್ ಸಂಖ್ಯೆ, ಬಾಖ್ ಆದರೆ ಬಿಡಬ್ಲ್ಯುವಿ ಸಂಖ್ಯೆ), ಯಾವ ವಾದ್ಯಕ್ಕೆ, ಎಲ್ಲ ವಾದ್ಯಗಳ ಪೂರ್ಣಲಿಪಿಯೋ ಪಿಟೀಲಿನ ಭಾಗ ಮಾತ್ರವೋ, ಇವೆಲ್ಲ ಬೇಕು. ಪಿಯಾನೊ ಜೊತೆಗಿನ ರಚನೆಯಲ್ಲಿ ಪಿಟೀಲಿನ ಬಿಡಿಹಾಳೆ ಕಳೆದುಹೋಗಿರುವುದು ಸಾಮಾನ್ಯ, ಅದನ್ನು ತಪ್ಪದೆ ಬರೆಯಿರಿ. 1993ರಿಂದೀಚೆಗೆ ಅಚ್ಚಾದವಕ್ಕೆ ಐಎಸ್‌ಎಂಎನ್ ಎಂಬ, ಸಂಗೀತದ ಹಾಳೆಗಳನ್ನು ಗುರುತಿಸುವ ಸಂಖ್ಯೆ ಇರಬಹುದು. ಮೊದಲು ಅದು ರೋಮನ್ನಿನ ಎಂ ಅಕ್ಷರದಿಂದ ಆರಂಭವಾಗುತ್ತಿತ್ತು, 2008ರಿಂದ 979-0 ಎಂದು ಆರಂಭವಾಗುತ್ತದೆ. ಹಳೆಯ ಹಾಳೆಗಳಲ್ಲಿ ಅನೇಕಕ್ಕೆ ವರ್ಷವೇ ಇರುವುದಿಲ್ಲ. ಆದರೆ ಪ್ರತಿ ಪುಟದ ಬುಡದಲ್ಲಿ, ನಡುವೆ, ಒಂದು ಸಣ್ಣ ಸಂಖ್ಯೆ ಕಾಣುತ್ತದೆ. ಅದು ಪುಟಸಂಖ್ಯೆಯಲ್ಲ, ಅಚ್ಚಿನ ಫಲಕದ ಸಂಖ್ಯೆ. ಸಂಗೀತದ ಹಾಳೆಗಳನ್ನು ಉಚಿತವಾಗಿ ಒದಗಿಸುವ, 2006ರಲ್ಲಿ ಆರಂಭವಾದ ಐಎಂಎಸ್‌ಎಲ್‌ಪಿ ತಾಣದಲ್ಲಿ ಪ್ರಕಾಶಕರ ಫಲಕಸಂಖ್ಯೆಗಳ ಪಟ್ಟಿಗಳಿವೆ, ಅವುಗಳಿಂದ ಮುದ್ರಣದ ಕಾಲವನ್ನು ಸಾಕಷ್ಟು ಹತ್ತಿರಕ್ಕೆ ತರಬಹುದು.

ಕೈಬರಹದ ನೋಟ್‌ಬುಕ್ಕುಗಳೇ ತಮ್ಮ ಸಂಗ್ರಹದ ನಿಜವಾದ ಆಸ್ತಿ. ಪುಸ್ತಕಕ್ಕೊಂದು ಸಾಲಲ್ಲ, ರಚನೆಗೊಂದು ಸಾಲು ಬೇಕು. ಪಲ್ಲವಿಯ ಮೊದಲ ಪದಗಳು, ವಾಗ್ಗೇಯಕಾರರು, ರಾಗ, ತಾಳ, ವರ್ಣವೋ ಕೃತಿಯೋ ದೇವರನಾಮವೋ, ಯಾವ ಲಿಪಿ, ಯಾರಿಂದ ಪಾಠ, ಇವಿಷ್ಟನ್ನೂ ಬರೆಯಿರಿ. ದೇವರನಾಮಗಳನ್ನು ಬೇರೆಬೇರೆಯವರು ಬೇರೆಬೇರೆ ರಾಗಗಳಲ್ಲಿ ಹಾಡುವುದರಿಂದ ನೋಟ್‌ಬುಕ್ಕಿನಲ್ಲಿರುವ ರಾಗವನ್ನೇ ನಮೂದಿಸಬೇಕು, ಪ್ರಸಿದ್ಧವಾದ ರಾಗವನ್ನಲ್ಲ. ಸಂಗೀತದ ಮೂಲಾಕರಗಳನ್ನು 1952ರಿಂದ ಪಟ್ಟಿ ಮಾಡುತ್ತಿರುವ ಆರ್‌ಐಎಸ್‌ಎಂ ಎಂಬ ಅಂತರರಾಷ್ಟ್ರೀಯ ಯೋಜನೆ ಹೆಸರಿಲ್ಲದ ರಚನೆಗಳನ್ನು ಗುರುತಿಸಲು ಅವುಗಳ ಆರಂಭದ ಸ್ವರಗಳನ್ನೇ ದಾಖಲಿಸುತ್ತದೆ. ತಾವೂ ಪಲ್ಲವಿಯ ಮೊದಲ ಆವರ್ತದ ಸ್ವರಗಳನ್ನು ಒಂದು ಅಂಕಣದಲ್ಲಿ ಬರೆದಿಡಿರಿ. ಒಂದೇ ಕೃತಿಯ ಎರಡು ಪಾಠಾಂತರಗಳು ಆಗ ಪಕ್ಕಪಕ್ಕದಲ್ಲಿ ಕಾಣುತ್ತವೆ. ಮಂದ್ರ, ತಾರಸ್ಥಾಯಿಯ ಚುಕ್ಕೆಗಳನ್ನು ಟೈಪ್ ಮಾಡುವುದು ತ್ರಾಸದ ಕೆಲಸ. ಆ ಸಾಲಿನ ಛಾಯಾಚಿತ್ರಕ್ಕೆ ಕೊಂಡಿ ಕೊಟ್ಟರೆ ಸಾಕು. ಇದಕ್ಕೆಲ್ಲ ಸ್ಪ್ರೆಡ್‌ಶೀಟೇ ಸರಿ, ಪುಸ್ತಕದ ತಾಣಗಳಲ್ಲಿ ಇಡೀ ನೋಟ್‌ಬುಕ್ಕಿನದೊಂದು ನಮೂದು ಇದ್ದರೆ ಸಾಕು.

ಸ್ಕ್ಯಾನ್ ವಿಷಯ: ಭಾರತದಲ್ಲಿ ಕೃತಿಸ್ವಾಮ್ಯ ರಚನಕಾರರ ಜೀವಿತಾವಧಿ ಮತ್ತು ಅವರು ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ 60 ವರ್ಷ. 1960ರಲ್ಲಿ ತೀರಿಕೊಂಡವರ ರಚನೆ 2021ರ ಜನವರಿ 1ರಿಂದ ಮುಕ್ತ. ಸಂಪಾದಕರು ಸೇರಿಸಿದ ಬೆರಳುಸೂಚನೆ, ಮುನ್ನುಡಿ, ಅನುವಾದ ಇವುಗಳ ಹಕ್ಕು ಬೇರೆಯೇ ಇರುತ್ತದೆ. ತಾತನವರ ಸ್ವಂತ ರಚನೆಗಳಿದ್ದರೆ ಅವುಗಳ ಹಕ್ಕು ಸಾಮಾನ್ಯವಾಗಿ ವಾರಸುದಾರರಿಗೆ ಸೇರಿದ್ದು, ಮನೆಯ ಎಲ್ಲರನ್ನೂ ಕೇಳಿ ಏರಿಸಿರಿ. ಹಾಗೆಯೇ ಮನೆಯ ವಿಳಾಸ, ಎರವಲು ಪಡೆದವರ ಹೆಸರು, ಅಪರೂಪದ ಪ್ರತಿಗಳ ಬೆಲೆ ಇವುಗಳ ಅಂಕಣಗಳನ್ನು ತೆಗೆದು ಉಳಿದದ್ದನ್ನು ಮಾತ್ರ ಸಾರ್ವಜನಿಕಗೊಳಿಸಿರಿ.